ಮೇಷ್ಟ್ರು ಹೇಳಿದ್ದೇ ಬಂತು

ಅಂಬರೀಶ್ ಮೇಷ್ಟ್ರ ಮನೆ ಇರುವುದು ಚಿಕ್ಕಬಳ್ಳಾಪುರದಲ್ಲಿ. ಅವರ ಕೀರ್ತಿ ಮಾತ್ರ ಶಿಡ್ಲಘಟ್ಟ, ಚಿಂತಾಮಣಿ, ಗೌರಿಬಿದನೂರುಗಳಲ್ಲಿ ವಾಸವಾಗಿದೆ. ಆ ಮೂರು ಊರುಗಳಲ್ಲಿ ಅವರು ಹತ್ತನೇ ತರಗತಿಯ ಮಕ್ಕಳಿಗೆ ಗಣಿತದ ಟ್ಯೂಷನ್ ಹೇಳುತ್ತಾರೆ. ಸ್ವಂತ ಊರಲ್ಲಿ ಯಾಕಿಲ್ಲ ಎಂದು ಕೇಳಿದರೆ, "ಇಲ್ಲಿಯವರು ನಾನು ಲುಂಗಿ ಉಟ್ಕೊಂಡು ಸೊಪ್ಪು ಚೌಕಾಸಿ ಮಾಡೋದನ್ನ ನೋಡಿದಾರೆ, ನಂಬಲ್ಲ" ಎನ್ನುತ್ತಾರೆ.

ನಂಬಬೇಕಾದ ವಿಷಯ ಇಷ್ಟೇ. ಪರೀಕ್ಷೆಗೆ ಮುಂಚಿನ ಕೊನೆಯ ಕ್ಲಾಸಿನಲ್ಲಿ ಮೇಷ್ಟ್ರು ಕಣ್ಣು ಮುಚ್ಚಿ, ಸಂಭವನೀಯತೆಯ ಪಾಠದಿಂದ ಯಾವ ಲೆಕ್ಕ ಬರುತ್ತದೆಂದು ಹೇಳುತ್ತಾರೆ. ಅದು ಬರುತ್ತದೆ. ಪರೀಕ್ಷೆ ಮುಗಿದ ಸಂಜೆಯೇ ಬಸ್ ನಿಲ್ದಾಣದ ಎದುರು ಫ್ಲೆಕ್ಸ್ ಏಳುತ್ತದೆ. ಅದರಲ್ಲಿ ಮೇಷ್ಟ್ರ ಭುಜ ನಿಜಕ್ಕಿಂತ ಅಗಲ, ಬಣ್ಣ ನಿಜಕ್ಕಿಂತ ಬೆಳಕು, ಕೆಳಗೆ ದಪ್ಪ ಅಕ್ಷರಗಳಲ್ಲಿ 'ಮೇಷ್ಟ್ರು ಹೇಳಿದ್ದೇ ಬಂತು!'

ಈ ವರ್ಷ ಅವರ ಮಗಳು ಸಂಘಮಿತ್ರಳೇ ಹತ್ತನೇ ತರಗತಿ. ಪೂರ್ವಸಿದ್ಧತಾ ಪರೀಕ್ಷೆಯಲ್ಲಿ ಗಣಿತಕ್ಕೆ ಫೇಲಾಗಿ ಬಂದಳು, ಬಂದು ನೆಮ್ಮದಿಯಾಗಿ ಹುರಿಗಡಲೆ ತಿನ್ನುತ್ತಾ ಕುಳಿತಳು. ಮಿಕ್ಕ ಮನೆಗಳಲ್ಲಿ ಇಷ್ಟಕ್ಕೆ ಅಳು, ಬೈಗುಳ, ಬಿಕ್ಕಳಿಕೆ ಎಲ್ಲ ಆಗುತ್ತಿತ್ತು. ಇಲ್ಲಿ ತಾಯಿ ರೂಪ ಕೂಡ ತಲೆ ಕೆಡಿಸಿಕೊಳ್ಳಲಿಲ್ಲ. "ಅವರಪ್ಪ ಕೊನೇಲಿ ಹೇಳ್ತಾರೆ ಬಿಡಿ" ಎಂದು ಪಕ್ಕದ ಮನೆಯ ರಹಮತುನ್ನೀಸಾಗೆ ಹೇಳಿದಳು. ತಲೆ ಕೆಟ್ಟಿದ್ದು ಮೇಷ್ಟ್ರಿಗೆ ಮಾತ್ರ. ಹೇಳುವುದಕ್ಕೆ ತಮ್ಮ ಬಳಿ ಏನೂ ಇಲ್ಲವೆಂಬುದು ಮೂರು ತಾಲ್ಲೂಕಿನಲ್ಲಿ ಅವರೊಬ್ಬರಿಗೇ ಗೊತ್ತಿತ್ತು.

ಟ್ಯೂಷನ್ ಶುರುಮಾಡಿದ ಹೊಸತರಲ್ಲಿ ಅವರು ಪ್ರಾಮಾಣಿಕರಾಗಿಯೇ ಇದ್ದರು, ಅದರಿಂದ ಬಾಡಿಗೆ ಕಟ್ಟುವುದು ಕಷ್ಟವಾಗಿತ್ತು. "ದಾಳ ಬರಬಹುದು, ಇಸ್ಪೀಟು ಬರಬಹುದು, ಚೀಲದಲ್ಲಿರೋ ಬಣ್ಣದ ಚೆಂಡು ಬರಬಹುದು. ಮೂರೂ ಕಲೀರಿ" ಎಂದು ಮಕ್ಕಳಿಗೆ ಹೇಳಿದರು. ಮಕ್ಕಳು ಬೇಸರದಿಂದ ನೋಡಿದರು.

"ಮೂರೂ ಕಲಿಯೋಕೆ ನಿಮ್ಮತ್ರ ಯಾಕೆ ಬರ್ಬೇಕು ಸಾರ್? ಪುಸ್ತಕದಲ್ಲೇ ಇದೆಯಲ್ಲ. ಒಂದು ಹೇಳಿ ಸಾರ್!"

ತಡೆಯಲಾರದೆ ಶಿಡ್ಲಘಟ್ಟದಲ್ಲಿ ದಾಳ ಎಂದರು. ಅದೇ ಕಾಟ ಚಿಂತಾಮಣಿಯಲ್ಲೂ ಶುರುವಾದಾಗ ಇಸ್ಪೀಟು ಎಂದರು. ಗೌರಿಬಿದನೂರಿನ ಪಾಲಿಗೆ ಚೆಂಡು ಉಳಿದಿತ್ತು. ನಾಣ್ಯ ಚಿಮ್ಮುವ ಲೆಕ್ಕವೂ ಒಂದಿತ್ತು. ಅದು ಒಂಬತ್ತನೆಯವರಿಗೂ ಬರುವಂಥದ್ದು, ಹತ್ತಕ್ಕೆ ಯಾರು ಕೇಳುತ್ತಾರೆ ಎಂದು ಅದನ್ನು ಬಿಟ್ಟರು. ಆ ವರ್ಷ ಇಸ್ಪೀಟು ಬಂತು. ಚಿಂತಾಮಣಿಯಲ್ಲಿ ಪಟಾಕಿ ಹೊಡೆದರು.

ಉಳಿದೆರಡು ಊರು ಜಗಳಕ್ಕೆ ಬರುತ್ತವೆಂದು ಮೇಷ್ಟ್ರು ಕಾದರು. ಯಾರೂ ಬರಲಿಲ್ಲ. ಶಿಡ್ಲಘಟ್ಟದ ಮನೆಮನೆಗಳಲ್ಲಿ ತಂದೆತಾಯಿಗಳೇ ಮಕ್ಕಳ ವಿಚಾರಣೆ ಮುಗಿಸಿದ್ದರು. "ಚಿಂತಾಮಣಿಯೋರಿಗೆ ಸರಿಯಾಗಿ ಹೇಳಿದಾರೆ, ನಿಂಗೆ ಮಾತ್ರ ತಪ್ಪು ಹೇಳಿದ್ರಾ? ಅವರು ಹೇಳೋವಾಗ ನಿನ್ನ ಗಮನ ಎಲ್ಲಿತ್ತು?" ಮುಂದಿನ ವರ್ಷ ಮೂರೂ ಊರಲ್ಲಿ ಬೆಂಚು ಸಾಲದಾಯಿತು.

ಅಲ್ಲಿಂದ ಮೇಷ್ಟ್ರು ಗಣಿತವನ್ನು ಗಂಭೀರವಾಗಿ ಬಳಸತೊಡಗಿದರು. ಸಮಾಂತರ ಶ್ರೇಢಿಯ ಪಾಠದಲ್ಲೂ ಮೂರು ಬಗೆಯ ಲೆಕ್ಕಗಳಿದ್ದವು. ಈ ಮೂರರಲ್ಲಿ ಯಾವುದಾದರೂ ಸಂಭವನೀಯತೆಯ ಆ ಮೂರರಲ್ಲಿ ಯಾವುದರ ಜೊತೆಗಾದರೂ ಬರಬಹುದು, ಒಟ್ಟು ಒಂಬತ್ತು ಜೋಡಿ. ಎಣಿಕೆಯ ಈ ಮೂಲತತ್ವವನ್ನು ಮಕ್ಕಳಿಗೆ ಬೋರ್ಡಿನ ಮೇಲೆ ಬರೆದು ತೋರಿಸುವ ಬದಲು, ಮೇಷ್ಟ್ರು ಊರಿಗೆ ಮೂರರಂತೆ ಒಂಬತ್ತು ಬ್ಯಾಚು ಮಾಡಿ, ಬ್ಯಾಚಿಗೊಂದು ಜೋಡಿ ಹಂಚಿದರು. ಇನ್ನು ತಪ್ಪುವ ಮಾತೇ ಇರಲಿಲ್ಲ. "ಬೇರೆ ಬ್ಯಾಚಿನೋರಿಗೆ ಹೇಳ್ಬೇಡಿ, ಹೇಳಿದ್ರೆ ಫಲಿಸಲ್ಲ" ಎಂದೂ ಸೇರಿಸಿದರು. ಹುಳುಮನೆಯೊಳಗೆ ಹೊರಗಿನವರ ಕಣ್ಣೂ ಬೀಳದಂತೆ ರೇಷ್ಮೆಹುಳು ಸಾಕುವ ಸೀಮೆ ಇದು. ಗುಟ್ಟು ಕಾಯುವುದನ್ನು ಇಲ್ಲಿನ ಮಕ್ಕಳಿಗೆ ಯಾರೂ ಹೇಳಿಕೊಡಬೇಕಾಗಿಲ್ಲ.

ಈ ವರ್ಷದ ಪರೀಕ್ಷೆಗೆ ವಾರವಿದ್ದಾಗ, ಭಾನುವಾರ ಬೆಳಿಗ್ಗೆ, ಸಂಘಮಿತ್ರ ಅಪ್ಪನೆದುರು ಚಕ್ಕಂಬಕ್ಕಳ ಹಾಕಿಕೊಂಡು ಕುಳಿತಳು.

"ಅಪ್ಪ, ಈಗ ಹೇಳು."

"ದಾಳ, ಇಸ್ಪೀಟು, ಚೆಂಡು. ಎಲ್ಲಾ ಓದ್ಕೋ ಮಿತ್ರ."

"ಎಲ್ಲಾ ಅಲ್ಲಪ್ಪ. ಬರೋದು."

"ಯಾವ್ದು ಬರುತ್ತೋ ನಂಗೆ ಗೊತ್ತಿಲ್ಲ ಕಣಮ್ಮ."

ಅವಳ ಮುಖ ಮೊದಲು ನಗುವಿಗೆ ಸಿದ್ಧವಾಯಿತು, ಆಮೇಲೆ ಅಳುವಿಗೆ. "ಊರೋರ ಮಕ್ಳಿಗೆಲ್ಲಾ ಹೇಳ್ತೀಯ. ನಾನು ಫೀಸು ಕೊಟ್ಟಿಲ್ಲ ಅಂತಾನಾ?"

ಒಳಗಿಂದ ರೂಪ ಸೌಟು ಹಿಡಿದೇ ಬಂದಳು. "ಏನ್ರೀ ನಿಮ್ಮ ಬಿಗುಮಾನ? ಮಗು ಫೇಲಾಗ್ಲಿ ಅಂತಾನಾ?" ಅಳಿಯನ ಮನೆಯಲ್ಲೇ ಇರುವ ಅತ್ತೆ ಮಂಗಮ್ಮ ಚಿಂತಾಮಣಿ ಕಡೆಯ ತೆಲುಗನ್ನು ಬೆರೆಸಿ, "ಏಮಯ್ಯಾ, ಹೆತ್ತ ಮಗಳಿಗಿಂತ ಫ್ಲೆಕ್ಸು ಹೆಚ್ಚಾಯ್ತಾ?" ಎಂದು ಕೇಳಿದಳು. ಮೇಷ್ಟ್ರು ನಡೆದದ್ದನ್ನೆಲ್ಲ ಬಿಡಿಸಿ ಹೇಳಿದರು. ಇಷ್ಟು ವರ್ಷದಲ್ಲಿ ಅವರು ಹೇಳಿದ ಮೊದಲ ನಿಜ ಅದು. ಅದನ್ನು ಮಾತ್ರ ಯಾರೂ ನಂಬಲಿಲ್ಲ.

ಮೇಷ್ಟ್ರು ಹೆಂಡತಿಯ ಕಡೆ ತಿರುಗಿ ಕೇಳಿದರು. "ಸೊಪ್ಪು ತಂದಿದೀನಲ್ಲ, ಏನು ಮಾಡ್ತೀಯ ಇವತ್ತು?"

"ಬಸ್ಸಾರೋ, ಮಸ್ಸೊಪ್ಪೋ, ಉಪ್ಪುಸಾರೋ. ಇನ್ನೂ ಅಂದ್ಕೊಂಡಿಲ್ಲ."

"ಅಂದ್ಕೋಬೇಡ. ಅಂದ್ಕೊಂಡ್ರೂ ಬಾಯಿ ಬಿಡ್ಬೇಡ."

ಅವಳು ಒಳಗೆ ಹೋದ ಮೇಲೆ ಮೇಷ್ಟ್ರು ಮಗಳ ಕಿವಿಯಲ್ಲಿ ಒಂದು ಮಾತು ಹೇಳಿದರು. ಹಿತ್ತಿಲಿಗೆ ಹೋಗಿ ಅತ್ತೆಯ ಕಿವಿಯಲ್ಲಿ ಒಂದು ಹೇಳಿದರು. ಕರಿಬೇವು ಕೇಳಲು ಬಂದ ರಹಮತುನ್ನೀಸಾಗೂ ಕಾಂಪೌಂಡಿನ ಬಳಿ ಒಂದು ಹೇಳಿದರು. ಎಲ್ಲರಿಗೂ ಕಣ್ಣು ಮುಚ್ಚಿಯೇ ಹೇಳಿದರು. ಯಾರಿಗೂ ಹೇಳಬೇಡಿ, ಹೇಳಿದರೆ ಫಲಿಸಲ್ಲ ಎಂಬುದನ್ನೂ ಮರೆಯಲಿಲ್ಲ.

ಮಧ್ಯಾಹ್ನ ತಟ್ಟೆಗೆ ಮುದ್ದೆ ಬಿತ್ತು, ಅದರ ಪಕ್ಕ ಬಸ್ಸಾರು ಬಿತ್ತು. ಮಂಗಮ್ಮ ಎರಡೂ ಕೈ ಎತ್ತಿದಳು.

"ಚೂಡವೇ ರೂಪಾ! ಒಲೆ ಹಚ್ಚೋ ಮುಂಚೇನೇ ಹೇಳಿದ್ದ ನನ್ನಳಿಯ, ಬಸ್ಸಾರು ಅಂತ! ಅದು ಬಾಯಲ್ಲ ಕಣೇ, ವಾಕ್ಕು!"

ಸಂಘಮಿತ್ರ ಮುರಿದ ಮುದ್ದೆ ಕೈಯಲ್ಲೇ ನಿಂತಿತು. "ನಂಗೆ ಅಪ್ಪ ಮಸ್ಸೊಪ್ಪು ಅಂತ ಹೇಳಿದ್ನಲ್ಲ ಅಜ್ಜಿ..."

ಅಷ್ಟರಲ್ಲಿ ಕಾಂಪೌಂಡಿನ ಆಚೆಯಿಂದ ರಹಮತುನ್ನೀಸಾ ಕೂಗಿದಳು. "ರೂಪಕ್ಕಾ, ಉಪ್ಪುಸಾರಾ ನಿಮ್ಮನೇಲಿ?" ಅಲ್ಲ ಎಂದಾಗ ಅವಳು ಒಂದು ಕ್ಷಣವೂ ಅನುಮಾನಿಸಲಿಲ್ಲ. "ಹೌದಾ? ನಾನೇ ಸರಿಯಾಗಿ ಗಮನ ಕೊಡ್ಲಿಲ್ಲ ಬಿಡಿ. ಮೇಷ್ಟ್ರು ತಪ್ಪು ಹೇಳ್ತಾರಾ!"

ಹುಡುಗಿ ಅಪ್ಪನನ್ನು ನೋಡಿದಳು. ಅಪ್ಪ ತಟ್ಟೆ ನೋಡುತ್ತಿದ್ದರು. ಅಂಗಳದ ಬಿಸಿಲಲ್ಲಿ ಒಣಹಾಕಿದ ಅವಳ ಯೂನಿಫಾರ್ಮಿನ ತೋಳು ಗಾಳಿಗೆ ತುಂಬಿಕೊಂಡು, ಮತ್ತೆ ಬರಿದಾಯಿತು.

"ಹಂಗಾದ್ರೆ ಆ ವರ್ಷದ ಶಿಡ್ಲಘಟ್ಟದೋರು?"

"ಅವರಿಗೆ ಮಸ್ಸೊಪ್ಪು" ಎಂದರು ಮೇಷ್ಟ್ರು, ತಲೆ ಎತ್ತದೆ.

ಮಂಗಮ್ಮನಿಗೆ ಮೊಮ್ಮಗಳು ಮತ್ತೆ ಬಿಡಿಸಿ ಹೇಳಿದಳು. ಮೂರು ಜನಕ್ಕೆ ಮೂರು ಹೇಳಿದರೆ ಒಬ್ಬರಿಗೆ ಬಂದೇ ಬರುತ್ತದಲ್ಲ ಎಂದಳು. ಅಜ್ಜಿ ಪೂರ್ತಿ ಕೇಳಿಸಿಕೊಂಡು, "ಅವರಿಗೆ ಹೇಳಿದ್ದು ಬಿಡು, ನಂಗೆ ಹೇಳಿದ್ದು ಬಂತೋ ಇಲ್ವೋ?" ಎಂದು ಇನ್ನೊಂದು ಸೌಟು ಬಸ್ಸಾರು ಹಾಕಿಸಿಕೊಂಡಳು.

ಆ ಸಂಜೆ ತಂದೆ ಮಗಳು ಸಂಭವನೀಯತೆಯ ಪಾಠದ ಮೊದಲ ಪುಟ ತೆರೆದರು. ಮೊದಲ ಪುಟದಲ್ಲಿದ್ದದ್ದು ನಾಣ್ಯ, ಮೇಷ್ಟ್ರು ಯಾವ ಊರಿಗೂ ಕೊಡದೆ ಬಿಟ್ಟಿದ್ದ ಅದೇ ನಾಣ್ಯ. ಎರಡು ನಾಣ್ಯ ಒಟ್ಟಿಗೆ ಚಿಮ್ಮಿದರೆ ಏನೇನು ಬೀಳಬಹುದು ಎಂದು ಕೇಳಿದರು.

"ಎರಡೂ ತಲೆ, ಎರಡೂ ಹೂ, ಒಂದು ತಲೆ ಒಂದು ಹೂ. ಮೂರು. ಅಂದ್ರೆ ಒಂದೊಂದಕ್ಕೂ ಮೂರರಲ್ಲಿ ಒಂದು."

ಮೇಷ್ಟ್ರು ಮಂಗಮ್ಮನ ಎಲೆಅಡಿಕೆ ಚೀಲದಿಂದ ಒಂದು ಹಳೇ ನಾಲ್ಕಾಣೆಯನ್ನೂ ತಮ್ಮ ಜೇಬಿನಿಂದ ಒಂದು ರೂಪಾಯಿಯನ್ನೂ ತೆಗೆದು ಅವಳ ಕೈಗಿಟ್ಟರು. ಅವಳು ಚಿಮ್ಮುತ್ತಲೇ ಹೋದಳು. ಒಂದು ತಲೆ ಒಂದು ಹೂ ಎಂಬುದೇ ಮತ್ತೆ ಮತ್ತೆ ಬಿದ್ದು ಉಳಿದವನ್ನು ಹಿಂದೆ ಹಾಕಿತು.

"ಇದ್ಯಾಕೆ ಇಷ್ಟು ಬೀಳುತ್ತೆ?"

"ನೋಡು, ರೂಪಾಯಿ ತಲೆ, ನಾಲ್ಕಾಣೆ ಹೂ. ಅದೊಂದು. ರೂಪಾಯಿ ಹೂ, ನಾಲ್ಕಾಣೆ ತಲೆ. ಅದಿನ್ನೊಂದು. ನೀನು ಎರಡನ್ನೂ ಸೇರಿಸಿ ಒಂದೇ ಅಂದ್ಬಿಟ್ಟೆ."

"ಹಂಗಾದ್ರೆ ನಾಲ್ಕು. ನಾಲ್ಕರಲ್ಲಿ ಎರಡು ಇದಕ್ಕೆ." ಅವಳು ಸ್ವಲ್ಪ ಹೊತ್ತು ನಾಲ್ಕಾಣೆಯನ್ನೇ ನೋಡಿದಳು. "ಇದನ್ನ ಮೊದಲೇ ಹೇಳಿಕೊಡೋಕೆ ಏನಾಗಿತ್ತಪ್ಪ ನಿಂಗೆ?"

ವಾರವಿಡೀ ಮನೆಯಲ್ಲಿ ದಾಳ ಉರುಳಿತು, ಚೆಂಡಿನ ಬದಲು ಚೀಲದಿಂದ ಬಣ್ಣಬಣ್ಣದ ಅಂಗಿ ಗುಂಡಿಗಳು ಹೊರಬಂದವು, ಇಸ್ಪೀಟಿನ ಕಟ್ಟು ಕಂಡು ಮಂಗಮ್ಮ ಮಾತ್ರ ಎರಡು ದಿನ ಅಳಿಯನ ಜೊತೆ ಮಾತು ಬಿಟ್ಟಳು.

ಪರೀಕ್ಷೆಗೆ ನಾಣ್ಯ ಬಂತು. ಎರಡು ನಾಣ್ಯಗಳನ್ನು ಒಟ್ಟಿಗೆ ಚಿಮ್ಮಿದಾಗ ನಿಖರವಾಗಿ ಒಂದು ತಲೆ ಬೀಳುವ ಸಂಭವನೀಯತೆ ಎಷ್ಟು? ಒಂಬತ್ತು ಬ್ಯಾಚಿನಲ್ಲಿ ಒಂದಕ್ಕೂ ಹೇಳದ ಲೆಕ್ಕ. ಮೊದಲ ಬಾರಿಗೆ ಯಾವ ಬಸ್ ನಿಲ್ದಾಣದಲ್ಲೂ ಫ್ಲೆಕ್ಸ್ ಏಳಲಿಲ್ಲ. ಸಂಘಮಿತ್ರ ಅದನ್ನು ಬರೆದಳು, ಉಳಿದವನ್ನೂ ತಕ್ಕಮಟ್ಟಿಗೆ ಬರೆದಳು, ಗಣಿತದಲ್ಲಿ ಐವತ್ತೆರಡು ತೆಗೆದು ಪಾಸಾದಳು.

ಮೇಷ್ಟ್ರು ಟ್ಯೂಷನ್ ಮುಚ್ಚುವ ಲೆಕ್ಕದಲ್ಲಿದ್ದರು. ಆದರೆ ಸುದ್ದಿ ಅವರಿಗಿಂತ ಮುಂಚಿನ ಬಸ್ಸು ಹತ್ತಿತ್ತು. ಜೂನಿನಲ್ಲಿ ಶಿಡ್ಲಘಟ್ಟದ ಕೋಣೆಯ ಬೀಗ ತೆಗೆಯುವ ಮೊದಲೇ ಮೆಟ್ಟಿಲ ತುಂಬ ತಂದೆತಾಯಿಗಳು ನಿಂತಿದ್ದರು. ಮುಂದೆ ನಿಂತಿದ್ದವರು ಜಂಗಮಕೋಟೆಯಿಂದ ಬಂದ ಮುನಿನಾರಾಯಣಪ್ಪ.

"ಮೇಷ್ಟ್ರೇ, ನಮ್ಮ ಮಕ್ಳಿಗೆಲ್ಲಾ ದಾಳ, ಚೆಂಡು ಅಂತ ಹೇಳಿ, ನಿಮ್ಮ ಮಗೀಗೆ ಮಾತ್ರ ನಾಣ್ಯ ಹೇಳಿದ್ದೀರಂತೆ. ಇದು ನ್ಯಾಯಾನಾ?"

"ಇಲ್ಲ ಮುನಿನಾರಾಯಣಪ್ಪ. ಅವಳಿಗೆ ಎಲ್ಲಾ ಹೇಳ್ಕೊಟ್ಟೆ ಅಷ್ಟೇ."

"ನೋಡಿದ್ರಾ!" ಮುನಿನಾರಾಯಣಪ್ಪ ಹಿಂದಿದ್ದವರ ಕಡೆ ತಿರುಗಿದರು. "ಅವರೇ ಒಪ್ಕೊಂಡ್ರು. ಮಗಳಿಗೆ ಎಲ್ಲಾ ಹೇಳಿದಾರೆ, ನಮಗೆ ಒಂದೊಂದೇ." ಮತ್ತೆ ಮೇಷ್ಟ್ರ ಕಡೆ ಬಾಗಿ, ದನಿ ತಗ್ಗಿಸಿದರು. "ಈ ಸಲ ನಮ್ಮ ಹುಡುಗಂಗೂ ಮಗಳಿಗೆ ಹೇಳಿದ ಹಂಗೇ ಎಲ್ಲಾ ಹೇಳ್ಬಿಡಿ. ಬೇರೆ ಯಾರಿಗೂ ಗೊತ್ತಾಗೋದು ಬೇಡ."

ಮೇಷ್ಟ್ರು ಬೀಗ ತೆಗೆದರು. ಮಕ್ಕಳು ಒಳಗೆ ನುಗ್ಗಿ ಬೆಂಚುಗಳಲ್ಲಿ ಒತ್ತಿ ಕುಳಿತರು, ಕಿಟಕಿಯ ಬಳಿ ಇದ್ದವನು ಎದ್ದು ಕಿಟಕಿ ಮುಚ್ಚಿದ. ಮೇಷ್ಟ್ರು ಜೇಬಿನಿಂದ ನಾಲ್ಕಾಣೆಯನ್ನೂ ರೂಪಾಯಿಯನ್ನೂ ತೆಗೆದು ಮೇಜಿನ ಮೇಲಿಟ್ಟು, ಪಾಠದ ಮೊದಲ ಪುಟ ತೆರೆಯಲು ಹೇಳಿದರು.