ಸಿಂಹಮುಖಗಳನ್ನಿಳಿಸಿ ಕಟ್ಟಡ ಉಳಿಸಿದವರು

ಹಳೆಯ ಕಟ್ಟಡಗಳನ್ನು ಕಂಡು ಬೆರಗಾಗುವವರು ಹಲವರು, ಅನುಮಾನಪಡುವವರು ಕೆಲವರು. ಆ ಕೆಲವರಲ್ಲಿ ಅಗ್ರಗಣ್ಯರು, ಈ ತಿಂಗಳು ನಿವೃತ್ತರಾಗುತ್ತಿರುವ ಹಿರಿಯ ಎಂಜಿನಿಯರ್, ಕಚೇರಿಯವರ ಬಾಯಲ್ಲಿ 'ಅನುಮಾನದಕ್ಕ'. ನಕ್ಷೆ ಬರೆಯಲು ಸೇರಿ ಮುಖ್ಯಸ್ಥೆಯಾಗುವವರೆಗೂ ಅವರು ತಟ್ಟಿ ನೋಡದೆ ಗೋಡೆಯನ್ನು ನಂಬಿದವರಲ್ಲ. ಎತ್ತರಕ್ಕೆ ಹೆದರುತ್ತಿದ್ದ ಕಿರಿಯ ಸಹೋದ್ಯೋಗಿಯ ಸೊಂಟಕ್ಕೆ ಹಗ್ಗ ಬಿಗಿಯುವ ಮೊದಲು ತಾವೇ ಅದಕ್ಕೆ ಜೋತು ನೋಡಿದವರು.

ಆ ಕಿರಿಯಳನ್ನು ಅವರು ಮೊದಲು ಕರೆದೊಯ್ದದ್ದು ಪೇಟೆಯ ನಡುವಿನ ಹನ್ನೆರಡಂತಸ್ತಿನ ಕಚೇರಿ ಕಟ್ಟಡಕ್ಕೆ. ಅದನ್ನು ಕಟ್ಟುವ ಮೊದಲು ಊರಿನ ಕಟ್ಟಡಗಳ ಭಾರವನ್ನೆಲ್ಲ ಗೋಡೆಯೇ ಹೊರಬೇಕಿತ್ತು. ಎತ್ತರ ಹೆಚ್ಚಿದಷ್ಟೂ ಬುಡದ ಗೋಡೆ ದಪ್ಪವಾಗಿ, ಕೆಳಗಿನ ಅಂಗಡಿಗೇ ಜಾಗ ಉಳಿಯುತ್ತಿರಲಿಲ್ಲ. ಇಲ್ಲಿ ಮೊದಲ ಬಾರಿಗೆ ಉಕ್ಕಿನ ಕಂಬ ತೊಲೆಗಳು ಭಾರ ಹೊತ್ತವು, ಸುಟ್ಟ ಮಣ್ಣಿನ ಬಿಲ್ಲೆಗಳ ಗೋಡೆ ಬರೀ ಮೈಮೇಲಿನ ಬಟ್ಟೆಯಾಯಿತು. ಊರವರು ನಂಬಲಿಲ್ಲ. ಗಾಳಿ ಬೀಸಿದ ದಿನ ರಸ್ತೆಯ ಆಚೆ ಬದಿಯಲ್ಲೇ ನಡೆಯುತ್ತಿದ್ದರಂತೆ. ಕೊನೆಗೆ ಕಟ್ಟಿಸಿದವನೇ ತುದಿಯ ಮಹಡಿಯಲ್ಲಿ ಕಚೇರಿ ಹೂಡಿ, ದಿನವೂ ಕಿಟಕಿಯಲ್ಲಿ ಕಾಣಿಸಿಕೊಳ್ಳಬೇಕಾಯಿತಂತೆ.

ಮುಂದೆ ಮಾಲೀಕನಾದ ಅವನ ಮೊಮ್ಮಗನಿಗೆ ಅದನ್ನು ಕೆಡವುವ ಆಸೆ. ಪರೀಕ್ಷೆಗೆ ಅಕ್ಕನನ್ನು ಕರೆಸಿದವನೂ ಅವನೇ. ಅಕ್ಕ ಅವನ ಕೋಣೆಯಿಂದ ನಗುತ್ತ ಬಂದುದನ್ನೂ, ಬಂದವರೇ ಮೂಲೆಯ ಗಟ್ಟಿ ಬಿಲ್ಲೆಗಳನ್ನು ಕೀಳಿಸತೊಡಗಿದುದನ್ನೂ ಕಿರಿಯಳು ಕಂಡಳು. ಕಟ್ಟಡ ಹೋದರೆ ತನ್ನ ಕೆಲಸವೂ ಹೋಗುವುದೆಂದು ಕಂಗಾಲಾಗಿದ್ದ ಲಿಫ್ಟಿನ ಅಜ್ಜ ಅವಳ ಕಿವಿಯಲ್ಲಿ ಊದಿದ: "ನಿಮ್ಮಕ್ಕ ತಟ್ಟೋದು ಹಣ್ಣು ಕೊಳ್ಳೋರ ಥರ ಇಲ್ಲ ತಾಯಿ, ಹರಾಜು ಕೂಗೋರ ಥರ ಇದೆ."

ಮಾಲೀಕನ ಜೊತೆ ಸೇರಿಕೊಂಡಿರಾ ಎಂದು ಅವಳು ಅಕ್ಕನನ್ನು ಮುಖಕ್ಕೆ ಮುಖ ಕೊಟ್ಟೇ ಕೇಳಿದಳು. ಅಕ್ಕ ಸಿಟ್ಟಾಗಲಿಲ್ಲ. "ನನ್ನ ಮೇಲೆ ಅನುಮಾನ ಬಂತಾ? ಒಳ್ಳೇದೇ. ಕಂಬದ ಮೇಲೂ ಅಷ್ಟೇ ಇಟ್ಕೋ. ಬಾ, ನೀನೇ ಇಣುಕು."

ಅಜ್ಜಿಯ ಕಥೆಗಳಲ್ಲಿ ಬೆಳೆದ ಅವಳಿಗೆ ನೆನಪಾದದ್ದು ಏಳು ಕಡಲಾಚೆಯ ಗಿಳಿಯಲ್ಲಿ ಅಡಗಿದ ರಾಕ್ಷಸನ ಜೀವ. ಬಿಲ್ಲೆಯ ಹಿಂದಿನ ಉಕ್ಕು, ಹಚ್ಚಿದ ಕೆಂಪು ಬಣ್ಣವೂ ಮಾಸದೆ, ಗಟ್ಟಿಯಾಗಿ ನಿಂತಿತ್ತು. ತುಕ್ಕು ಇದ್ದದ್ದು ಮೇಲೆ: ಚಾವಣಿಯಂಚಿನಿಂದ ರಸ್ತೆಯತ್ತ ಚಾಚಿ, ಕಟ್ಟಡಕ್ಕೆ ಕಿರೀಟದಂತಿದ್ದ ಸಿಂಹಮುಖಗಳ ಕೊಂಡಿಗಳಲ್ಲಿ. ಅವಳಿಗೆ ಆ ಕಟ್ಟಡವೆಂದರೆ ಆ ಸಿಂಹಗಳೇ. ಅಕ್ಕ ಒಂದನ್ನು ಮುಟ್ಟಿದಾಗ ಅದು ಸಡಿಲ ಹಲ್ಲಿನಂತೆ ಅಲುಗಿತು.

ಮಾಲೀಕನ ಮುಖ ಅರಳಿತು. ಹಾಗಾದರೆ ಕಟ್ಟಡವೇ ಹೋದಂತಾಯಿತಲ್ಲ, ಹಾಗೆಂದೇ ಬರೆದುಕೊಡಿ ಎಂದ.

"ಟೋಪಿ ಹರಿದ್ರೆ ತಲೆ ತೆಗೀತಾರಾ ಸಾರ್?" ಎಂದರು ಅಕ್ಕ.

ಸಿಂಹಗಳನ್ನಾದರೂ ಉಳಿಸಿರೆಂದು ಕಿರಿಯಳು ಬೇಡಿಕೊಂಡಳು. ಕೆಳಗೆ ಜನ ಓಡಾಡುತ್ತಾರೆ ಎಂದಷ್ಟೇ ಹೇಳಿ, ಅಕ್ಕ ಅವನ್ನು ಒಂದೊಂದಾಗಿ ಇಳಿಸಿದರು. ಅವಳ ಕಣ್ಣು ತುಂಬಿದಾಗ ಪಕ್ಕದಲ್ಲಿ ಬಂದು ನಿಂತರು. ಊರವರು ಅವರನ್ನು ಶಪಿಸಿದರು. ಮಾಲೀಕ ಬೇರೆ ಎಂಜಿನಿಯರನ್ನು ಕರೆಸಿದ, ಅವರಿಗೂ ಕಂಬದಲ್ಲಿ ಹುಳುಕು ಸಿಗಲಿಲ್ಲ. ಬೋಳುತಲೆಯ ಆ ಕಟ್ಟಡದಲ್ಲಿ ಇಂದಿಗೂ ಎಲ್ಲ ಮಹಡಿಗಳೂ ಭರ್ತಿ. ಲಿಫ್ಟಿನ ಅಜ್ಜ ಮಾತ್ರ ಅಕ್ಕನ ತಲೆ ಕಂಡರೆ ಸಾಕು, ಈ ಸಲ ಏನು ಕೀಳೋಕೆ ಬಂದ್ರಿ ಎನ್ನುತ್ತಾನೆ.

ಅನುಮಾನದಕ್ಕನಿಗೆ ಆಯುರಾರೋಗ್ಯ ತುಂಬಿರಲಿ. ವಿಶ್ರಾಂತಿ ಮಾತ್ರ ಅಷ್ಟಾಗಿ ಸಿಗದಿರಲಿ. ಕಿರಿಯಳು ಮೊನ್ನೆ ಇನ್ನೊಂದು ಹಳೆಯ ಕಟ್ಟಡವನ್ನು ಒಬ್ಬಳೇ ಪರೀಕ್ಷಿಸಿ, ಗಟ್ಟಿಯಾಗಿದೆ ಎಂದು ತೀರ್ಮಾನಿಸಿದ್ದಾಳೆ. ಅವರು ಬಂದು ಅದನ್ನು ನಂಬದೆ ನೋಡುವವರೆಗೂ ಸಹಿ ಹಾಕಲು ಅವಳಿಗೆ ಮನಸ್ಸಿಲ್ಲ.