ಹೊಲಿಗೆಗೆ ಮಾತ್ರ ರಜೆ

ಬೆಳಿಗ್ಗೆ ಮಗಳ ನೀರಿನ ಬಾಟ್ಲಿಯ ಮುಚ್ಚಳ ತಿರುಗಿಸಲು ಆಗಲಿಲ್ಲ. ಬಿಗಿಯಾಗಿದೆ ಅಂದುಕೊಂಡೆ. ಮಗನ ಅಂಗಿಯ ಬಟನ್ ಹಾಕಲು ಹೋದೆ. ಅದೂ ಆಗಲಿಲ್ಲ. ಬೆರಳ ಗಂಟುಗಳು ಊದಿದ್ದವು. ಬಿಸಿಲೇರುವಾಗ ಸ್ವಲ್ಪ ಸಡಿಲವಾದವು, ಅಂಗಡಿಗೆ ಹೋದೆ.

ಕಡಬ ಪೇಟೆಯಲ್ಲಿ ನನ್ನದೊಂದು ಟೈಲರ್ ಅಂಗಡಿ ಇದೆ. ಬ್ಲೌಸ್, ಚೂಡಿದಾರ್, ಶಾಲೆಯ ಯೂನಿಫಾರ್ಮ್ ಹೊಲಿಯುತ್ತೇನೆ. ಗಂಡ ಹಮೀದ್ ಪಿಕಪ್ ಓಡಿಸುತ್ತಾರೆ. ಮನೆಯಲ್ಲಿ ಮಕ್ಕಳಿಬ್ಬರು, ಮತ್ತೆ ನಾನು ಮಾಮಿ ಎಂದು ಕರೆಯುವ ಅತ್ತೆ.

ಕೆಲವು ವಾರ ಎಣ್ಣೆ ತಿಕ್ಕಿಕೊಂಡು ದೂಡಿದೆ. ಕೊನೆಗೆ ಪುತ್ತೂರಿಗೆ ಹೋದೆವು. ಬ್ಲಡ್ ಟೆಸ್ಟ್, ಎಕ್ಸ್‌ರೇ ಆಯಿತು.

ರುಮಟಾಯ್ಡ್ ಆರ್ಥರೈಟಿಸ್, ಗಂಟುಗಳಿಗೆ ಬರುವ ವಾತ.

"ಪೂರ್ತಿ ಹೋಗುವ ಕಾಯಿಲೆ ಅಲ್ಲ ಇದು, ಮಾತ್ರೆಯಲ್ಲಿ ಹಿಡಿತಕ್ಕೆ ತರ್ಬಹುದು" ಎಂದರು ಡಾಕ್ಟರ್. "ಬಟ್ಟೆ ಹಿಂಡುದು, ತೆಂಗಿನಕಾಯಿ ತುರಿಯುದು, ಕೊಡಪಾನ ಎತ್ತುದು ಬೇಡ."

"ಹೊಲಿಗೆ?" ಎಂದೆ.

"ಮೋಟರ್ ಮಿಷನ್ ಅಲ್ವಾ? ಹೊಲಿಬಹುದು. ನಡುವೆ ಎದ್ದು ಕೈಗೆ ರೆಸ್ಟ್ ಕೊಡಿ."

ಪಕ್ಕದಲ್ಲೇ ಕೂತಿದ್ದ ಹಮೀದ್‌ರ ಕಿವಿಗೆ ಬಿದ್ದದ್ದು 'ಕೈಗೆ ರೆಸ್ಟ್' ಎಂಬುದಷ್ಟೇ. ಮರುದಿನ ಅಂಗಡಿಯ ಕೀ ಅವರ ಕಿಸೆಯಲ್ಲಿತ್ತು. ಶಾಲೆ ಶುರುವಾಗುವ ಸಮಯ. ಆ ಸೀಸನ್ ಕೈಬಿಟ್ಟರೆ ಗಿರಾಕಿಗಳು ಮತ್ತೆ ನನ್ನ ಕಡೆ ತಲೆ ಹಾಕುವುದಿಲ್ಲ.

"ದುಡಿದದ್ದು ಸಾಕು ಮಾರಾಯ್ತಿ. ಮನೆಯಲ್ಲಿ ಆರಾಮ ಕೂತ್ಕೋ" ಎಂದರು. ಪ್ರೀತಿಯಿಂದಲೇ ಹೇಳಿದ್ದು, ಅದೇ ಉರಿ ಹತ್ತಿಸಿದ್ದು.

ಸುದ್ದಿ ಹರಡಿತು. ರೋಗಿಯನ್ನು ನೋಡಲು ಹೋಗುವುದು ನಮ್ಮಲ್ಲಿ ಪುಣ್ಯದ ಕೆಲಸ. ದ್ರಾಕ್ಷಿ, ಬ್ರೆಡ್ ಹಿಡಿದುಕೊಂಡು ಬರುತ್ತಾರೆ. ಬಂದವರನ್ನು ಬರಿಹೊಟ್ಟೆಯಲ್ಲಿ ಕಳಿಸುವ ಕ್ರಮವಿಲ್ಲ. ಹಾಗಾಗಿ ಯಾರ ಕೈ ನೋಡಿ ಅಯ್ಯೋ ಪಾಪ ಅನ್ನಲು ಬಂದರೋ ಅದೇ ಕೈ ಅವರಿಗಾಗಿ ರೊಟ್ಟಿ ತಟ್ಟಬೇಕು, ಸಾರಿಗೆ ಕಾಯಿ ತುರಿಯಬೇಕು, ಅವರು ಹೋದ ಮೇಲೆ ಪಾತ್ರೆ ತಿಕ್ಕಬೇಕು. ಅಂಗಡಿ ಇದ್ದಾಗಲಾದರೂ ಹಗಲು ನನ್ನದಾಗಿತ್ತು.

ಒಂದು ಮಧ್ಯಾಹ್ನ ಹಮೀದ್‌ರ ಚಿಕ್ಕಮ್ಮ ಕಾಣಿಯೂರಿನಿಂದ ಬಂದರು. ಊಟಕ್ಕೆ ಬಂದಿದ್ದ ಹಮೀದ್, ಮಾಮಿ ಇಬ್ಬರೂ ಚಾವಡಿಯಲ್ಲಿದ್ದರು. ನಾನು ಒಳಗೆ ಕಾಯಿ ತುರಿಯುತ್ತಿದ್ದೆ. ಚಿಕ್ಕಮ್ಮನ ಮಾತು ಕೇಳಿಸಿತು. "ಮಿಷನಲ್ಲಿ ಕೂತು ಕೂತೇ ಇದು ಬಂದದ್ದು. ಇನ್ನು ಅಂಗಡಿ ಗಿಂಗಡಿ ಬೇಡ. ಮಕ್ಕಳಿಗೆ ತಾಯಿ ಬೇಕಲ್ವಾ?"

ಸಿಟ್ಟು ನೆತ್ತಿಗೇರಿತು. ಎದ್ದು ಚಾವಡಿಗೆ ಬಂದೆ.

"ಡಾಕ್ಟ್ರು ಬೇಡ ಅಂದದ್ದು ಕಾಯಿ ತುರಿಯುದನ್ನು. ಬೇಡ ಅಂದದ್ದು ಪೂರಾ ನನ್ನ ತಲೆಗೆ, ಮಾಡ್ಬಹುದು ಅಂದದ್ದಕ್ಕೆ ಬೀಗ. ಇದೆಂತ ನ್ಯಾಯ?"

"ಬಂದವರ ಎದುರು ಎಂತ ಇದು?" ಹಮೀದ್ ತಗ್ಗಿದ ದನಿಯಲ್ಲಿ ಗದರಿದರು. "ಅಂಗಡಿಯಿಂದಲೇ ಅಲ್ವಾ ಕೈ ಹಾಳಾದದ್ದು?"

ಗೋಡೆಗೊರಗಿ ಕೂತಿದ್ದ ಮಾಮಿ ಸೆರಗಿನ ಅಡಿಯಿಂದ ಎರಡೂ ಕೈ ತೆಗೆದು ಮಗನ ಮುಂದೆ ಚಾಚಿದರು. ಗಂಟು ಗಂಟಾಗಿ ಒಂದೇ ಬದಿಗೆ ವಾಲಿದ ಬೆರಳುಗಳು. ಇಷ್ಟು ದಿನ ನಾನೂ ಅದನ್ನು ಮುಪ್ಪು ಅಂದುಕೊಂಡಿದ್ದೆ.

"ನಾನು ಯಾವ ಅಂಗಡಿ ಇಟ್ಟಿದ್ದೆ ಮಗ?"

ಹಮೀದ್ ಕೀ ತೆಗೆದು ನನ್ನ ಕೈಗೆ ಕೊಟ್ಟರು. ಚಿಕ್ಕಮ್ಮನಿಗೆ ಆವತ್ತು ಚಹಾ ಮಾಡಿದ್ದು ಅವರೇ.

ಈಗ ಅಂಗಡಿ ತೆರೆದಿದೆ. ಅರ್ಧದಷ್ಟು ಯೂನಿಫಾರ್ಮ್ ಕೈತಪ್ಪಿ ಹೋಯಿತು. ವಾರಕ್ಕೊಮ್ಮೆಯ ಮಾತ್ರೆ ನುಂಗಿದ ದಿನ ಹೊಟ್ಟೆ ತೊಳಸುತ್ತದೆ. ಆದರೂ ಬೆಳಿಗ್ಗೆ ಬೆರಳು ಮಡಚಲು ಬರುತ್ತದೆ, ಅದಕ್ಕೆ ದೇವರಿಗೆ ಸ್ತುತಿ. ಕಾಯಿ ಹಮೀದ್ ತುರಿಯುತ್ತಾರೆ. ನೋಡಿದವರೆಲ್ಲ, ಇಂಥ ಗಂಡ ಸಿಗ್ಲಿಕ್ಕೆ ಪುಣ್ಯ ಮಾಡಿದ್ದಿ ಅನ್ನುತ್ತಾರೆ. ಇಷ್ಟು ವರ್ಷ ನಾನು ತುರಿದಾಗ ಅವರ ಪುಣ್ಯದ ಬಗ್ಗೆ ಯಾರೂ ತುಟಿ ಬಿಚ್ಚಿರಲಿಲ್ಲ. ಆ ಸಿಟ್ಟಿಗೆ ಮಾತ್ರೆ ಇಲ್ಲ.

ಮುಂದಿನ ಚೆಕಪ್‌ಗೆ ಮಾಮಿಯನ್ನೂ ಕರೆದುಕೊಂಡು ಹೋದೆವು. ಡಾಕ್ಟರ್ ಅವರ ಬೆರಳುಗಳನ್ನು ಹಿಡಿದು ನೋಡಿದರು.

"ಯಾವಾಗಿಂದ ಉಂಟಮ್ಮ ಇದು?"

ಮಾಮಿ ಬಾಗಿಲ ಬಳಿ ನಿಂತಿದ್ದ ಹಮೀದ್‌ರನ್ನು ತೋರಿಸಿದರು.

"ಇವನನ್ನು ಹೆತ್ತ ಮೇಲಿಂದ."