ದಕ್ಷಿಣಕ್ಕೆ ಬಾಗಿಲಿರುವ ಮನೆ

ನಮ್ಮ ಮನೆಯ ಬಾಗಿಲು ದಕ್ಷಿಣಕ್ಕಿದೆ. ಹೌದು, ಗೊತ್ತಿದ್ದೇ ಕೊಂಡದ್ದು. ಬಂದವರಿಗೆಲ್ಲ ಹೇಳಿ ಹೇಳಿ ಸಾಕಾಗಿದೆ, ಆದರೂ ಇನ್ನೊಮ್ಮೆ ಹೇಳುತ್ತೇನೆ.

ನನ್ನ ಅತ್ತೆಗೆ ಉಬ್ಬಸ. ನಾವಿದ್ದ ಬಾಡಿಗೆ ಮನೆಯ ಗೋಡೆಗಳಲ್ಲೆಲ್ಲ ತೇವ. ಮಲಗಿದರೆ ಉಸಿರು ಕಟ್ಟುತ್ತಿತ್ತು, ದಿಂಬಿಗೊರಗಿ ಕೂತೇ ನಿದ್ದೆ ಮಾಡುತ್ತಿದ್ದರು. ಅವರಿಗೊಂದು ಒಣ ಮನೆ ಬೇಕೆಂದೇ ನಾವು ಹುಡುಕಲು ಹೊರಟದ್ದು. ನಾರ್ತ್‌ವಿಲ್ ಎಂಬ ಊರಿನಲ್ಲಿ ಪೂರ್ವಕ್ಕೆ ಬಾಗಿಲಿರುವ ಮನೆ ಸಿಕ್ಕಿತು. ಅತ್ತೆ ಒಳಗೆ ಕಾಲಿಟ್ಟವರೇ ದೇವರ ಮನೆ ಎಲ್ಲಿ, ತುಳಸಿ ಎಲ್ಲಿ ಎಂದು ಗೊತ್ತುಮಾಡಿಬಿಟ್ಟರು.

ಈ ಪರದೇಶಕ್ಕೆ ಬಂದ ಹೊಸದರಲ್ಲಿ ನಮಗೆ ಡ್ರೈವಿಂಗ್ ಕಲಿಸಿದ ಅಂಕಲ್ ಒಬ್ಬರಿದ್ದಾರೆ, ಮೈಸೂರಿನವರು. ಪೂರ್ವದ ಬಾಗಿಲು ಅಂದರೆ ನಮ್ಮವರೆಲ್ಲ ಮುಗಿಬೀಳುತ್ತಾರೆ, ಮನೆಯ ತಪಾಸಣೆ, ಅದೇ ಇನ್‌ಸ್ಪೆಕ್ಷನ್, ಬೇಡವೆಂದೇ ಕೊಳ್ಳಲು ಆಫರ್ ಹಾಕಿ ಎಂದರು. ನನ್ನ ಗಂಡ ಹೂಂ ಎಂದು ತಲೆಯಾಡಿಸಿದರು. ನನಗೆ ಮೈಯೆಲ್ಲ ಉರಿಯಿತು. ಸೀರೆ ಕೊಳ್ಳುವಾಗಲೂ ಸೆರಗು ಬಿಡಿಸಿ ನೋಡುವವಳು ನಾನು, ಮನೆಯನ್ನು ಕಣ್ಣು ಮುಚ್ಚಿಕೊಂಡು ಕೊಳ್ಳಬೇಕೇ?

ಇನ್‌ಸ್ಪೆಕ್ಷನ್ ಆಗಲೇಬೇಕೆಂಬ ಷರತ್ತಿನ ಮೇಲೆ ಆಫರ್ ಹಾಕಿಸಿದೆ. ಇನ್‌ಸ್ಪೆಕ್ಟರನ್ನು ನಾನೇ ಹುಡುಕಿದೆ, ಏಜೆಂಟ್ ಹೇಳಿದವನನ್ನಲ್ಲ. ಬೇಸ್‌ಮೆಂಟಿನ ಗೋಡೆಗೆ ಹೊಸ ಬಣ್ಣ ಹೊಡೆದಿದ್ದರು. ಮಾಲೀಕರನ್ನು ಕೇಳಿ ಮೂಲೆಯ ಕಾರ್ಪೆಟ್ ಎತ್ತಿದರೆ ಅಡಿಯೆಲ್ಲ ಬೂಷ್ಟು. ಗೋಡೆಯಿಂದ ನೀರು ಇಳಿಯುತ್ತಿತ್ತು.

ಅಂಕಲ್‌ಗೆ ಅದೊಂದು ವಿಷಯವೇ ಅಲ್ಲ. ತಮ್ಮ ಪರಿಚಯದ ಕಾಂಟ್ರಾಕ್ಟರನ್ನು ಕರೆದುಕೊಂಡು ಬಂದರು. ನಮ್ಮ ಭಾಷೆಯವನೇ. ಕಾಫಿ ಕುಡಿಯುತ್ತ, ಎಲ್ಲ ಸರಿಮಾಡಿಕೊಡುತ್ತೇನೆ ಎಂದ. ಲೈಸೆನ್ಸ್ ತೋರಿಸಿ, ಇನ್ಶೂರೆನ್ಸ್ ತೋರಿಸಿ, ನಗರಸಭೆಯ ಪರ್ಮಿಟ್ ಯಾವಾಗ ತೆಗೆಸುತ್ತೀರಿ ಎಂದು ಕೇಳಿದೆ. ಅವನು ನಕ್ಕು ಅಂಕಲ್ ಮುಖ ನೋಡಿದ.

"ನಮ್ಮೋರನ್ನೇ ಹೀಗೆ ಕೇಳ್ತಾರೇನಮ್ಮಾ?" ಎಂದರು ಅಂಕಲ್.

"ಕೇಳ್ತೀನಿ ಅಂಕಲ್. ಆ ಮನೇಲಿ ಮಲಗೋರು ನಮ್ಮತ್ತೆ."

ಲೋಟದಲ್ಲಿ ಅರ್ಧ ಕಾಫಿ ಬಿಟ್ಟು ಇಬ್ಬರೂ ಎದ್ದರು. ನಾವು ಆಫರ್ ಹಿಂದಕ್ಕೆ ತೆಗೆದುಕೊಂಡೆವು. ಕೈಗೆ ಬಂದ ಮನೆಯನ್ನು ಸೊಸೆ ಬಾಯಿಮಾಡಿ ಕಳೆದಳೆಂದು ಅತ್ತೆ ನನ್ನೊಡನೆ ಮಾತು ಬಿಟ್ಟರು. ಬಿಡಲಿ ಎಂದುಕೊಂಡೆ. ಸಂಕಟವಾಗಲಿಲ್ಲವೆಂದಲ್ಲ, ಆದರೆ ದಾಕ್ಷಿಣ್ಯಕ್ಕೆ ಬಿದ್ದು ಆ ಬೂಷ್ಟಿನ ಮೇಲೆ ಅವರನ್ನು ಮಲಗಿಸುವುದು ನನ್ನಿಂದ ಆಗುತ್ತಿರಲಿಲ್ಲ.

ಆಮೇಲೆ ಹತ್ತಿರದ ಊರು ವಿಕ್ಸಮ್‌ನಲ್ಲಿ ಈ ಮನೆ ಸಿಕ್ಕಿತು. ದಕ್ಷಿಣದ ಬಾಗಿಲೆಂದು ನಮ್ಮವರು ಯಾರೂ ತಿರುಗಿಯೂ ನೋಡಿರಲಿಲ್ಲ. ಅದೇ ಇನ್‌ಸ್ಪೆಕ್ಟರ್ ಸೂರಿನಿಂದ ಬೇಸ್‌ಮೆಂಟಿನವರೆಗೆ ತಡಕಾಡಿ, ಎಲ್ಲೂ ತೇವವಿಲ್ಲ ಎಂದ. ಆಗ ಸಹಿ ಹಾಕಿದೆ.

ನವರಾತ್ರಿಗೆ ಗೊಂಬೆ ಕೂರಿಸಿದಾಗ ಅಂಕಲ್ ಬಂದರು. ಹೊಸಿಲಲ್ಲೇ ನಿಂತು, ಹೋಗಿ ಹೋಗಿ ಯಮನ ದಿಕ್ಕಿಗೆ ಬಾಗಿಲಿರುವ ಮನೆಯೇ ಬೇಕಿತ್ತೇ ಎಂದು ಅತ್ತೆಯ ಹತ್ತಿರ ಮರುಗಿದರು. ನಾನು ಗೊಂಬೆ ನೋಡಲು ಬಂದವರಿಗೆ ಕೊಡುವ ಚರ್ಪಿನ ತಟ್ಟೆ ಹಿಡಿದು ಉತ್ತರ ಕೊಡಲು ಮುಂದೆ ಬಂದೆ. ಅತ್ತೆ ನನಗಿಂತ ಮೊದಲೇ ಬಾಯಿ ತೆರೆದರು.

"ದಿಕ್ಕು ಯಾವುದಾದ್ರೂ ಇರ್ಲಿ ಬಿಡಿ. ನಾನೀಗ ಮಲಗಿ ನಿದ್ದೆ ಮಾಡ್ತೀನಿ."